ಮಗು ಒದೆಯುತ್ತಿದೆ, ನನಗೇಕೆ ಖುಷಿಯಾಗುತ್ತಿಲ್ಲ?

ಪ್ರಶ್ನೆ: ನನಗೆ 29 ವರ್ಷ. ಗಂಡ-ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಒಂದೂವರೆ ವರ್ಷದ ಹಿಂದೆ ಮೊದಲ ಸಲ ಬಸುರಿಯಾಗಿದ್ದೆ, 11ನೇ ವಾರದಲ್ಲಿ ಹೋಯಿತು. ನನ್ನ ಗಂಡ ‘ಬಿಡು, ಇನ್ನೊಂದಾಗತ್ತೆ’ ಅಂದವರು ಮೂರನೇ ದಿನ ಆಫೀಸಿಗೆ ಹೋದರು. ಆಮೇಲೆ ಆ ಮಾತೇ ಎತ್ತಿಲ್ಲ. ಈಗ ನನಗೆ 25 ವಾರ. ಮಗು ಒದೆಯುತ್ತದೆ, ಆದರೆ ಎಲ್ಲರೂ ಹೇಳುವ ಆ ಖುಷಿ ಬರುತ್ತಿಲ್ಲ. ಹೊಟ್ಟೆ ಸವರಿ ಮಾತಾಡು ಅಂತಾರೆ, ನನಗೆ ಬಾಯೇ ಬರುವುದಿಲ್ಲ. ಮಗುವಿಗೆ ಅಂತ ಒಂದು ಕುಲಾವಿಯನ್ನೂ ಕೊಂಡಿಲ್ಲ. ರಾತ್ರಿ ಎಚ್ಚರವಾದರೆ ಅದು ಅಲ್ಲಾಡುವವರೆಗೂ ಹೊಟ್ಟೆ ಒತ್ತುತ್ತಾ ಕೂರುತ್ತೇನೆ. ಗಂಡ ಸ್ಕ್ಯಾನಿಂಗಿಗೆ ಬರುತ್ತಾರೆ, ಆದರೆ ಪರದೆ ನೋಡುವುದಿಲ್ಲ, ಫೋನ್ ನೋಡುತ್ತಾರೆ. ಸೀಮಂತಕ್ಕೆ ದಿನ ನೋಡೋಣ ಅಂದರೆ ‘ಈಗಲೇ ಯಾಕೆ’ ಅಂತಾರೆ. ಬೈಕ್ ಮಾರಿ ಹಳೆಯ ಕಾರು ತಂದಿದ್ದಾರೆ, ಅದರ ಇಎಂಐ ಚಿಂತೆ ಒಂದೇ ಅವರಿಗೆ. ವಾರಕ್ಕೆ ಎರಡು ಸಲವಾದರೂ ಜಗಳ. ಜಗಳವಾದ ಮೇಲೆ ಮಗುವಿಗೇನಾಯಿತೋ ಅಂತ ಭಯ. ‘ಹೊಟ್ಟೆಯಲ್ಲಿರೋದು ಎಲ್ಲಾ ಕೇಳಿಸಿಕೊಳ್ಳತ್ತೆ, ಅಭಿಮನ್ಯು ಕಥೆ ಗೊತ್ತಲ್ಲ’ ಅಂತಾರೆ ಅತ್ತೆ. ನಾನು ಕೆಟ್ಟ ತಾಯಿಯಾ? ನಮ್ಮ ಜಗಳ ಮಗುವಿಗೆ ತಟ್ಟುತ್ತದಾ? ಏಳನೇ ತಿಂಗಳಿಗೆ ಹಾಸನಕ್ಕೆ, ಅಮ್ಮನ ಮನೆಗೆ ಹೋಗಿಬಿಡಲಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಕೆಟ್ಟ ತಾಯಿ ಅಲ್ಲ. ವಾರಕ್ಕೆರಡು ಸಲ ಮಾತಿನ ಜಗಳವಾದರೆ ಮಗುವಿಗೆ ಏನೂ ಆಗುವುದಿಲ್ಲ. ಹಾಸನದ ವಿಷಯ ಕೊನೆಗೆ ನೋಡೋಣ. ಅದಕ್ಕೂ ಮೊದಲು ನೀವಿಬ್ಬರೂ ಕೂತು ಮಾತಾಡಬೇಕಾದ್ದು ಒಂದಿದೆ. ಹೋದ ಆ ಮಗುವಿನ ಬಗ್ಗೆ.

ಪತ್ರದಲ್ಲಿ ನೀವು ಅದಕ್ಕೆ ಕೊಟ್ಟಿರುವುದು ಮೂರು ಸಾಲು. ಉಳಿದದ್ದೆಲ್ಲ ಈಗಿನ ಕಷ್ಟ. ನನಗೆ ಮಾತ್ರ ಈಗಿನ ಕಷ್ಟದ ಬೇರು ಆ ಮೂರು ಸಾಲಿನಲ್ಲೇ ಕಾಣುತ್ತದೆ.

ಖುಷಿ ಬರುತ್ತಿಲ್ಲ ಅಂದಿರಿ. ಆದರೆ ನಡುರಾತ್ರಿ ಎದ್ದು, ಮಗು ಅಲ್ಲಾಡುವವರೆಗೂ ಮಲಗದೆ ಕೂರುವುದು ಯಾರು? ಮಗು ಬೇಡವಾದವರು ಹಾಗೆ ಕೂರುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಜೊತೆ ತಾಯಿಗೆ ಇರುವ ನಂಟನ್ನು ಅಳೆಯಲು ಪ್ರಶ್ನಾವಳಿಗಳಿವೆ. ಅಮೆರಿಕದ ಮೆಕಾ ಕ್ರಾನ್ಲಿ ಅಂಥದೊಂದನ್ನು 1981ರಲ್ಲಿ ಮಾಡಿದರು. ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕಾಂಡನ್ 1993ರಲ್ಲಿ ಇನ್ನೊಂದು ಮಾಡಿದರು. ಕಾಂಡನ್ ಎರಡು ವಿಷಯಗಳನ್ನು ಬೇರೆಬೇರೆಯಾಗಿ ಕೇಳುತ್ತಾರೆ. ಮಗುವಿನ ಬಗ್ಗೆ ಎಷ್ಟು ಹೊತ್ತು ಯೋಚಿಸುತ್ತೀರಿ, ಯೋಚಿಸುವಾಗ ಮನಸ್ಸಿಗೆ ಏನನಿಸುತ್ತದೆ. ನೀವು ಯೋಚಿಸುತ್ತೀರಿ, ಹಗಲೂ ರಾತ್ರಿ. ಆದರೆ ಆ ಯೋಚನೆಯ ತುಂಬಾ ಭಯ. ಖುಷಿಗೆ ಅಲ್ಲಿ ಜಾಗವೇ ಉಳಿದಿಲ್ಲ.

ಮೊದಲೊಮ್ಮೆ ಗರ್ಭಪಾತವಾದವರಲ್ಲಿ ಇದು ತೀರಾ ಸಾಮಾನ್ಯ. ಹೋದ ಸಲ ಆಸೆಯಿಟ್ಟೆವು, ಹೆಸರು ಯೋಚಿಸಿದೆವು, ಯಾರಿಗೋ ಹೇಳಿದೆವು, ಆಮೇಲೆ ಹಾಗಾಯಿತು. ಈ ಸಲ ಆಸೆಯನ್ನೇ ಇಡದಿದ್ದರೆ ಅಷ್ಟು ನೋವಾಗಲಿಕ್ಕಿಲ್ಲ ಅಂತ ಮನಸ್ಸು ತನಗೆ ತಾನೇ ಒಂದು ಲೆಕ್ಕ ಹಾಕಿಕೊಳ್ಳುತ್ತದೆ. ಬಟ್ಟೆ ಕೊಳ್ಳುವುದಿಲ್ಲ, ಹೆಸರು ಯೋಚಿಸುವುದಿಲ್ಲ, ‘ಮಗು ಬಂದ ಮೇಲೆ’ ಅಂತ ಶುರುವಾಗುವ ಮಾತು ಆಡುವುದಿಲ್ಲ. ಡೆನೀಸ್ ಕೋಟೆ-ಆರ್ಸೆನೋ ಎಂಬ ಸಂಶೋಧಕಿ ಮಗು ಕಳೆದುಕೊಂಡ ನಂತರ ಮತ್ತೆ ಬಸುರಿಯಾದ ಹೆಂಗಸರ ಬಗ್ಗೆ 2011ರಲ್ಲಿ ಬರೆದದ್ದೂ ಇದನ್ನೇ. ಮುಂದೆ ಪೆಟ್ಟು ಬಿದ್ದೀತೆಂದು ಮೊದಲೇ ಮನಸ್ಸಿನ ಸುತ್ತ ಕಟ್ಟಿಕೊಂಡ ಮೆತ್ತೆ ಅದು. ಒಳಗಿನ ಪ್ರೀತಿಗೆ ಅದರಿಂದ ಏನೂ ಆಗಿಲ್ಲ.

ಈಗ ನಿಮ್ಮ ಗಂಡನ ವಿಷಯ. ನೀವು ಬರೆದದ್ದನ್ನೇ ಇನ್ನೊಮ್ಮೆ ಓದಿ ನೋಡಿ. ಸ್ಕ್ಯಾನಿಂಗಿಗೆ ತಪ್ಪದೆ ಬರುತ್ತಾರೆ, ಪರದೆ ಮಾತ್ರ ನೋಡುವುದಿಲ್ಲ. ಸೀಮಂತಕ್ಕೆ ದಿನ ಗೊತ್ತು ಮಾಡಲು ಮನಸ್ಸಿಲ್ಲ. ಬೈಕ್ ಮಾರಿ ಕಾರು ತಂದಿದ್ದಾರೆ. ನೀವು ಕುಲಾವಿ ಕೊಳ್ಳಲು ಹೆದರುತ್ತೀರಿ, ಅವರು ಸೀಮಂತದ ದಿನಕ್ಕೆ ಹೆದರುತ್ತಾರೆ. ಅವರಿಗೆ ಮಗುವೇ ಬೇಡ ಅಂತ ನಿಮಗೆ ಅನಿಸಿರಬಹುದು. ಬೇಡವಾದವರು ಬೆಂಗಳೂರಿನ ಗುಂಡಿ-ಹಂಪ್‌ಗಳಿಗೆ ಹೆದರಿ ಸಾಲ ಮಾಡಿ ಕಾರು ತರುತ್ತಾರಾ? ಅವರನ್ನು ನಾನು ನೋಡಿಲ್ಲ, ಹಾಗಾಗಿ ಇದೇ ಸತ್ಯ ಅಂತ ಹೇಳಲಾರೆ. ಆದರೆ ನಮ್ಮಲ್ಲಿ ಸಮಾಲೋಚನೆಗೆ ಬರುವ ಗಂಡಂದಿರಲ್ಲಿ ಇಂಥ ಭಯವನ್ನು ಎಷ್ಟೋ ಸಲ ಕಂಡಿದ್ದೇನೆ. ಗರ್ಭಪಾತವಾದಾಗ ಎಲ್ಲರೂ ಹೆಂಗಸನ್ನು ಮಾತಾಡಿಸುತ್ತಾರೆ. ಗಂಡನಿಗೆ ಸಿಗುವುದು ‘ಅವಳನ್ನು ಹುಷಾರಾಗಿ ನೋಡ್ಕೋಪ್ಪ’ ಅನ್ನುವ ಒಂದು ಮಾತು. ತಾನು ಅತ್ತರೆ ಹೆಂಡತಿ ಇನ್ನಷ್ಟು ಕುಸಿಯುತ್ತಾಳೆ ಅಂದುಕೊಂಡು ಅವರು ಆಫೀಸಿಗೆ ಹೋಗಿಬಿಡುತ್ತಾರೆ. ‘ಬಿಡು, ಇನ್ನೊಂದಾಗತ್ತೆ’ ಅನ್ನುವುದು ಸಮಾಧಾನ ಅಂತಲೇ ಹೇಳಿದ ಮಾತಿರಬಹುದು. ನಿಮ್ಮ ಕಿವಿಗೆ ಅದು ‘ಆ ಮಗು ಲೆಕ್ಕಕ್ಕೇ ಇಲ್ಲ’ ಅಂತ ಕೇಳಿಸಿತು. ಹಾಗೆ ಕೇಳಿಸಿದ್ದೂ ಸಹಜವೇ. ಹೀಗೆ ಒಂದೂವರೆ ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತೇವೆ ಅಂದುಕೊಂಡು ಸುಮ್ಮನಿದ್ದೀರಿ. ಕಾರಿನ ಇಎಂಐ, ಅತ್ತೆ, ಪಾತ್ರೆ ಅಂತ ನಡೆಯುವ ಜಗಳಗಳ ಹಿಂದೆ ಈ ಮೌನ ಇದೆ ಅಂತ ನನ್ನ ಅಂದಾಜು.

ಮಾತು ಶುರು ಮಾಡುವ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ 10ರಿಂದ 20 ಗರ್ಭಪಾತವಾಗುತ್ತವೆ. ಹೆಚ್ಚಿನವು ಮೊದಲ 12 ವಾರದೊಳಗೇ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್‌ಗಳಲ್ಲಿ ಆದ ಏರುಪೇರು. ಮೆಟ್ಟಿಲು ಹತ್ತಿದ್ದಕ್ಕೆ, ಆಫೀಸಿಗೆ ಹೋದದ್ದಕ್ಕೆ, ಬೈಕಿನಲ್ಲಿ ಕೂತದ್ದಕ್ಕೆ ಹೋಯಿತು ಅನ್ನುವುದಕ್ಕೆ ಆಧಾರವಿಲ್ಲ. ಬಹುಶಃ ಬೈಕಿನ ಬಗ್ಗೆ ನಿಮ್ಮ ಗಂಡನ ಮನಸ್ಸಿನಲ್ಲಿ ಏನೋ ಕೂತಿದೆ. ಕೇಳಿ ನೋಡಿ. ಅಂದಹಾಗೆ ಎಷ್ಟೋ ಜನರಿಗೆ ಗೊತ್ತಿಲ್ಲ, ನಮ್ಮ ಕಾನೂನಿನಲ್ಲಿ ಗರ್ಭಪಾತಕ್ಕೂ ಆರು ವಾರ ಸಂಬಳಸಹಿತ ರಜೆ ಇದೆ. ಎರಡು ದಿನ ‘ಹುಷಾರಿಲ್ಲ’ ಅಂತ ರಜೆ ಹಾಕಿ ವಾಪಸು ಹೋಗುವವರೇ ಜಾಸ್ತಿ. ದುಃಖಪಡಲು ರಜೆ ಸಿಕ್ಕೀತು ಅಂತ ಯಾರಿಗೂ ಹೊಳೆಯುವುದಿಲ್ಲ.

ಮಾತು ಹೇಗೆ ಶುರು ಮಾಡುವುದು? ಜಗಳದ ನಡುವೆ ಖಂಡಿತ ಬೇಡ. ಮಲಗುವ ಹೊತ್ತೂ ಬೇಡ, ಇಬ್ಬರಿಗೂ ಸುಸ್ತಾಗಿರುತ್ತದೆ. ಎದುರೆದುರು ಕೂತು ಮಾತಾಡುವುದು ಕೆಲವು ಗಂಡಸರಿಗೆ ವಿಚಾರಣೆಯಂತೆ ಅನಿಸುತ್ತದೆ, ಅದಕ್ಕಿಂತ ಕಾರಿನಲ್ಲೋ, ಸಂಜೆ ನಡೆಯುವಾಗಲೋ ವಾಸಿ. ‘ನಿಮಗೆ ಆವಾಗ ಏನೂ ಅನಿಸಲೇ ಇಲ್ವಾ’ ಅಂತ ಕೇಳಬೇಡಿ. ಅದು ಆರೋಪ, ಅದಕ್ಕೆ ಬರುವುದು ಸಮರ್ಥನೆಯೇ. ನಿಮ್ಮದನ್ನು ಮೊದಲು ಹೇಳಿ. ‘ಆ ಮಗು ಹೋದದ್ದು ನನಗಿನ್ನೂ ಮರೆತಿಲ್ಲ. ಇದಕ್ಕೂ ಏನಾದರೂ ಆದೀತು ಅಂತ ದಿನಾ ಹೆದರುತ್ತೇನೆ. ನಿಮಗೂ ಹಾಗೆ ಆಗತ್ತಾ?’ ಇಷ್ಟು ಸಾಕು. ಆಮೇಲೆ ಸುಮ್ಮನಿರಿ. ಅವರು ಕೂಡಲೇ ಉತ್ತರ ಕೊಡದಿರಬಹುದು. ‘ಹೂಂ’ ಅಂದು ರಸ್ತೆ ನೋಡಬಹುದು. ಎರಡು ದಿನ ಬಿಟ್ಟು ತಾವೇ ಬಂದು ಹೇಳುವವರನ್ನೂ ನೋಡಿದ್ದೇನೆ.

ಈ ಮಾತುಕತೆಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಕಾಂಡನ್ ಮತ್ತು ಕ್ಯಾರೊಲಿನ್ ಕಾರ್ಕಿಂಡೇಲ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಗುವಿನ ಜೊತೆ ನಂಟು ಕಡಿಮೆಯಿದ್ದ ಗರ್ಭಿಣಿಯರನ್ನು ನೋಡಿದಾಗ ಮೂರು ಸಂಗತಿ ಕಂಡವು. ಅವರಲ್ಲಿ ಖಿನ್ನತೆ, ಆತಂಕ ಜಾಸ್ತಿ ಇತ್ತು. ಗಂಡನನ್ನು ಬಿಟ್ಟರೆ ಬೇರೆ ಆಸರೆ ಕಡಿಮೆ ಇತ್ತು. ಗಂಡನ ಕಡೆಯಿಂದ ಹತೋಟಿ, ದರ್ಪ, ಕೊಂಕು ಜಾಸ್ತಿ ಇತ್ತು. ಹೊಟ್ಟೆಗೆ ಸಂಗೀತ ಕೇಳಿಸುವುದಕ್ಕಿಂತ ಮೊದಲು ನೋಡಬೇಕಾದ್ದು ಇದನ್ನು, ಅಲ್ವಾ? ಸಿಯಾಟಲ್‌ನಲ್ಲಿ ಜಾನ್ ಗಾಟ್‌ಮನ್ ಮತ್ತು ಜೊತೆಯವರು ಹೊಸದಾಗಿ ಮದುವೆಯಾದವರನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟಿಸಿದ್ದು ಇನ್ನೊಂದು ಅಧ್ಯಯನ. ಮೊದಲ ಮಗುವಾದ ಮೇಲೆ ಮೂರರಲ್ಲಿ ಎರಡು ಪಾಲು ಹೆಂಡತಿಯರಿಗೆ ದಾಂಪತ್ಯದ ತೃಪ್ತಿ ಇಳಿದಿತ್ತು. ಉಳಿದವರಿಗೆ ಇಳಿಯಲಿಲ್ಲ. ಹಾಗೆ ಇಳಿಯದಂತೆ ತಡೆದದ್ದು ಗಂಡನ ಅಕ್ಕರೆಯ ಮಾತು, ಮತ್ತೆ ಹೆಂಡತಿಯ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಅನ್ನುವ ಅರಿವು ಅವನಿಗೆ ಇದ್ದದ್ದು. ನಿಮ್ಮ ಗಂಡನಿಗೆ ಈಗ ಆ ಅರಿವು ಇಲ್ಲ. ನೀವು ರಾತ್ರಿ ಎದ್ದು ಕೂರುವುದಾದರೂ ಅವರಿಗೆ ಗೊತ್ತಾ?

ಜಗಳ ಮಗುವಿಗೆ ತಟ್ಟುತ್ತದಾ ಅನ್ನುವುದಕ್ಕೆ ಬರುತ್ತೇನೆ. ಸಿಟ್ಟು, ಅಳು ಬಂದಾಗ ತಾಯಿಯ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುವುದು ನಿಜ. ಆದರೆ ಮಾಸಿನಲ್ಲಿ, ಡಾಕ್ಟರು ಪ್ಲಾಸೆಂಟಾ ಅನ್ನುತ್ತಾರಲ್ಲ ಅದರಲ್ಲಿ, ಒಂದು ಕಿಣ್ವ ಇದೆ. ಕಾರ್ಟಿಸಾಲ್‌ನ ಹೆಚ್ಚಿನ ಪಾಲನ್ನು ಅದು ಕೆಲಸಕ್ಕೆ ಬಾರದಂತೆ ಮಾಡಿಯೇ ಒಳಗೆ ಬಿಡುತ್ತದೆ. ಒಂದು ಸಂಜೆ ಅತ್ತರೆ, ಕೂಗಾಡಿದರೆ ಮಗುವಿಗೆ ಹಾನಿಯಾಗುವುದಿಲ್ಲ. ತಿಂಗಳುಗಟ್ಟಲೆ ಬಿಡದ ತೀವ್ರ ಒತ್ತಡ, ಚಿಕಿತ್ಸೆ ಸಿಗದ ಖಿನ್ನತೆ, ಮನೆಯಲ್ಲಿ ಹೊಡೆತ-ಬೆದರಿಕೆ, ಇವುಗಳ ಮಾತು ಬೇರೆ. ಅಂಥ ಕಡೆ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚು. ನಿಮ್ಮ ಪತ್ರದಲ್ಲಿ ಹಾಗೇನೂ ಕಾಣಲಿಲ್ಲ. ಆದರೆ ಬರೆಯದೆ ಬಿಟ್ಟಿದ್ದರೆ, ಅಥವಾ ಇದನ್ನು ಓದುತ್ತಿರುವ ಬೇರೆ ಯಾರ ಮನೆಯಲ್ಲಾದರೂ ಕೈ ಎತ್ತುವುದು, ಹೆದರಿಸುವುದು, ಹಣ-ಫೋನ್ ಕಿತ್ತಿಟ್ಟುಕೊಳ್ಳುವುದು ಇದ್ದರೆ, ಮೇಲೆ ಹೇಳಿದ ‘ಕೂತು ಮಾತಾಡಿ’ ಅನ್ನುವ ಸಲಹೆ ಅವರಿಗಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ತಪಾಸಣೆ ಮಾಡುವ ಡಾಕ್ಟರ ಹತ್ತಿರವೂ ಒಬ್ಬರೇ ಇದ್ದಾಗ ಹೇಳಬಹುದು.

ಅತ್ತೆಯ ಅಭಿಮನ್ಯುವಿಗೂ ಉತ್ತರ ಕೊಡಬೇಕಲ್ಲ! ಮಗು ಕೇಳಿಸಿಕೊಳ್ಳುತ್ತದೆ ಅನ್ನುವಲ್ಲಿ ಅವರು ಸರಿ. ಆರನೇ ತಿಂಗಳ ಹೊತ್ತಿಗೆ ಮಗು ಶಬ್ದಕ್ಕೆ ಸ್ಪಂದಿಸಲು ಶುರು ಮಾಡುತ್ತದೆ, ದಿನ ಕಳೆದಂತೆ ಅದು ಚೆನ್ನಾಗಿ ಆಗುತ್ತದೆ. 1980ರಲ್ಲಿ ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಒಂದು ಚಂದದ ಪ್ರಯೋಗ ಮಾಡಿದರು. ಹುಟ್ಟಿ ಮೂರು ದಿನವೂ ಆಗದ ಶಿಶುಗಳ ಬಾಯಿಗೆ ರಬ್ಬರ್ ನಿಪ್ಪಲ್ ಕೊಟ್ಟರು. ಒಂದು ರೀತಿ ಚೀಪಿದರೆ ಅಮ್ಮನ ದನಿ, ಇನ್ನೊಂದು ರೀತಿ ಚೀಪಿದರೆ ಬೇರೆ ಹೆಂಗಸಿನ ದನಿ. ಕೂಸುಗಳು ಅಮ್ಮನ ದನಿ ಬರುವ ಹಾಗೆ ಚೀಪುವುದನ್ನು ಕಲಿತವು! ಆದರೆ ಮಗು ಗುರುತು ಹಿಡಿಯುವುದು ದನಿಯನ್ನು, ಅದರ ಏರಿಳಿತವನ್ನು. ಅರ್ಥವನ್ನಲ್ಲ. ಚಕ್ರವ್ಯೂಹದ ವಿವರವಾಗಲಿ, ಇಎಂಐ ಜಗಳದ ವಿವರವಾಗಲಿ ಅದಕ್ಕೆ ತಿಳಿಯುವುದಿಲ್ಲ. ಅತ್ತೆಯ ಜೊತೆ ಈ ಬಗ್ಗೆ ವಾದಕ್ಕೆ ಮಾತ್ರ ಇಳಿಯಬೇಡಿ. ‘ಹೌದು ಅತ್ತೆ, ಅದಕ್ಕೇ ನೀವೂ ದಿನಾ ಒಂದು ಹಾಡು ಹೇಳಿ’ ಅಂದುಬಿಡಿ. ಮನೆ ತಣ್ಣಗಿರುತ್ತದೆ.

ಹಾಗಾದರೆ ಹೊಟ್ಟೆ ಸವರಿ ಮಾತಾಡಲೇಬೇಕಾ? ಬೇಡ. ನೀವು ತರಕಾರಿಯವನ ಜೊತೆ ಚೌಕಾಸಿ ಮಾಡುವಾಗ, ಅಮ್ಮನ ಜೊತೆ ಫೋನಿನಲ್ಲಿ ಹರಟುವಾಗ, ಆಫೀಸಿನ ಮೀಟಿಂಗಿನಲ್ಲಿ ಮಾತಾಡುವಾಗ ಮಗು ನಿಮ್ಮ ದನಿ ಕೇಳುತ್ತಲೇ ಇದೆ. ಬೇರೆ ಏನೂ ಮಾಡಬೇಕಿಲ್ಲ. ಬಲವಂತಕ್ಕೆ ‘ಕಂದಾ, ಚಿನ್ನಾ’ ಅಂದು, ಏನೂ ಅನಿಸದೆ, ಆಮೇಲೆ ಅದಕ್ಕೂ ಅಪರಾಧಿ ಭಾವ ಪಡುವುದಕ್ಕಿಂತ ಸುಮ್ಮನಿರುವುದು ಮೇಲು. ಗರ್ಭಸಂಸ್ಕಾರದ ಹೆಸರಿನಲ್ಲಿ ಸಾವಿರಾರು ರೂಪಾಯಿಯ ಕೋರ್ಸ್ ಮಾರುವವರಿದ್ದಾರೆ. ನಿಮಗೆ ಭಜನೆ, ಶ್ಲೋಕ ಇಷ್ಟವಿದ್ದರೆ ಕೇಳಿ, ನಿಮ್ಮ ಮನಸ್ಸಿಗೆ ಹಾಯಾಗುತ್ತದೆ. ಹೊಟ್ಟೆಗೆ ಹೆಡ್‌ಫೋನ್ ಕಟ್ಟುವುದು ಮಾತ್ರ ಬೇಡವೇ ಬೇಡ. ಕುಲಾವಿಯ ಬಗ್ಗೆಯೂ ಕೊರಗಬೇಡಿ. ಮಗು ಹುಟ್ಟುವ ಮೊದಲು ಹೊಸ ಬಟ್ಟೆ ತರದ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಒಗೆದು ಮೆತ್ತಗಾದ ಹಳೆಯ ಪಂಚೆ-ಸೀರೆಯ ತುಂಡುಗಳಲ್ಲೇ ಮಕ್ಕಳು ಬೆಳೆದಿವೆ.

ಒಂದು ಸಣ್ಣ ಕೆಲಸ ಮಾತ್ರ ಮಾಡಿ. ಮಗು ಸಾಮಾನ್ಯವಾಗಿ ಜಾಸ್ತಿ ಅಲ್ಲಾಡುವ ಹೊತ್ತು ಗೊತ್ತಾಗಿರುತ್ತದೆ, ಎಷ್ಟೋ ಜನಕ್ಕೆ ಅದು ರಾತ್ರಿ ಮಲಗಿದ ಮೇಲೆ. ಆಗ ಗಂಡನ ಕೈ ತೆಗೆದು ಅಲ್ಲಿಡಿ. ಏನೂ ಹೇಳಬೇಡಿ. ಹೆಂಡತಿಗೆ ಒಳಗಿಂದ ಗೊತ್ತಾಗುವ ಮಗು ಗಂಡನಿಗೆ ಕೈಗೆ ಸಿಕ್ಕಾಗಲೇ ನಿಜವಾಗುವುದು. ಮೊದಲ ದಿನ ಅವರ ಕೈಗೆ ತಿಳಿಯದೇ ಹೋಗಬಹುದು. ಪ್ಲಾಸೆಂಟಾ ಮುಂಭಾಗದಲ್ಲಿದ್ದರೆ ಹೊರಗೆ ಗೊತ್ತಾಗುವುದು ಇನ್ನೂ ತಡ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಆಂಟೀರಿಯರ್’ ಅಂತ ಬರೆದಿದೆಯಾ ನೋಡಿ.

ರಾತ್ರಿ ಹೊಟ್ಟೆ ಒತ್ತುವುದನ್ನು ಬಿಡಿ. ಹೊಟ್ಟೆಯೊಳಗೆ ಮಗು 20-40 ನಿಮಿಷ ನಿದ್ದೆ ಮಾಡುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಮಲಗಿದ್ದನ್ನು ಎಬ್ಬಿಸಿದರೂ ನಿಮ್ಮ ಭಯಕ್ಕೆ ಅರ್ಧ ಗಂಟೆಯ ಬಿಡುವು ಅಷ್ಟೇ, ಮತ್ತೆ ಶುರು. 28 ವಾರ ಆಗುವ ಹೊತ್ತಿಗೆ ನಿಮ್ಮ ಮಗುವಿನ ದಿನದ ರೀತಿ ನಿಮಗೇ ಗೊತ್ತಾಗಿರುತ್ತದೆ. ಆ ರೀತಿಗಿಂತ ಅಲುಗಾಟ ಕಡಿಮೆಯಾಯಿತು ಅನಿಸಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಈಗಲೂ, ದಿನಾ ಅಲ್ಲಾಡುವ ಮಗು ಇವತ್ತು ಅಲ್ಲಾಡಲೇ ಇಲ್ಲ ಅನಿಸಿದರೆ ಅದೇ ಮಾತು. ಸುಮ್ನೆ ಹೆದರಿ ಬಂದಿರಿ ಅಂತ ಯಾರಾದರೂ ಅಂದರೆ ಅನ್ನಲಿ.

ಇನ್ನೊಂದು ವಿಷಯ ನೇರವಾಗಿ ಕೇಳುತ್ತೇನೆ. ಎರಡು ವಾರಕ್ಕಿಂತ ಜಾಸ್ತಿ ದಿನ ಹೆಚ್ಚು ಹೊತ್ತು ಮನಸ್ಸು ಮುದುಡಿಕೊಂಡೇ ಇದೆಯಾ? ಮಗು ಸುಮ್ಮನಿದ್ದಾಗ ಮಾತ್ರವಲ್ಲದೆ ಬೇರೆ ದಿನವೂ ನಿದ್ದೆ ಬರುತ್ತಿಲ್ಲವಾ? ಊಟ ಸೇರುತ್ತಿಲ್ಲವಾ? ಇದ್ದು ಏನು ಪ್ರಯೋಜನ ಅನಿಸಿದ್ದುಂಟಾ? ಒಂದಕ್ಕಾದರೂ ಹೌದು ಅಂದರೆ ಈ ಉತ್ತರ ಓದಿ ಸುಮ್ಮನಾಗಬೇಡಿ. ಗರ್ಭಿಣಿಯರಲ್ಲಿ, ಬಾಣಂತಿಯರಲ್ಲಿ ಖಿನ್ನತೆ ಇದೆಯಾ ಅಂತ ನೋಡಲು ಎಡಿನ್‌ಬರೋ ಸ್ಕೇಲ್ ಅಂತ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ಕನ್ನಡದಲ್ಲೂ ಇದೆ, ಐದು ನಿಮಿಷದ ಕೆಲಸ. ನಿಮ್ಮ ಡಾಕ್ಟರನ್ನು ಕೇಳಿ. ನೀವಿರುವುದು ಬೆಂಗಳೂರಿನಲ್ಲೇ, ನಿಮ್ಹಾನ್ಸ್‌ನಲ್ಲಿ ಗರ್ಭಿಣಿ-ಬಾಣಂತಿಯರಿಗೇ ಪ್ರತ್ಯೇಕ ಮನೋವೈದ್ಯ ಸೇವೆ ಇದೆ. ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡ್ ದೇಶದಲ್ಲಿ ಮೊದಲು ಶುರುವಾದದ್ದೂ ಅಲ್ಲೇ, 2009ರಲ್ಲಿ. ಫೋನ್ ಸಾಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲಿಂದ ಮನಸ್ಸಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಸುರಿ ಅಂತ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಹುಟ್ಟಿದ ಕೂಡಲೇ ಪ್ರೀತಿ ಉಕ್ಕದಿದ್ದರೆ? ಅದೂ ಆಗಬಹುದು, ಈಗಲೇ ಹೇಳಿರುತ್ತೇನೆ. ಸಿನಿಮಾದಲ್ಲಿ ನರ್ಸ್ ಮಗು ತಂದುಕೊಟ್ಟ ಕ್ಷಣ ತಾಯಿಯ ಕಣ್ಣು ತುಂಬುತ್ತದೆ. ನಿಜದಲ್ಲಿ ಎಷ್ಟೋ ಜನಕ್ಕೆ ಆ ಹೊತ್ತು ಸುಸ್ತು, ನೋವು, ‘ಅಬ್ಬಾ ಮುಗೀತು’ ಅನ್ನುವುದು ಇಷ್ಟೇ. ನಂಟು ಹಾಲೂಡಿಸುತ್ತಾ, ಒದ್ದೆ ಬಟ್ಟೆ ಬದಲಿಸುತ್ತಾ, ದಿನಗಳಲ್ಲಿ, ಕೆಲವರಿಗೆ ವಾರಗಳಲ್ಲಿ ಕೂಡಿಕೊಳ್ಳುತ್ತದೆ.

ಈಗ ಹಾಸನ. ಜಗಳದಿಂದ ತಪ್ಪಿಸಿಕೊಳ್ಳಲು ಏಳನೇ ತಿಂಗಳಿಗೇ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅಮ್ಮನ ಆರೈಕೆಗೆ ಹೋಗುವುದಾದರೆ ಖಂಡಿತ ಹೋಗಿ, ನಮ್ಮ ತವರಿನ ಬಾಣಂತನದಷ್ಟು ಒಳ್ಳೆಯ ಏರ್ಪಾಡು ಕಡಿಮೆ. ಆದರೆ ಅದರಲ್ಲಿ ಒಂದು ಕೊರತೆ ಇದೆ. ಏಳನೇ ತಿಂಗಳಿಗೆ ಹೋಗಿ ಮಗುವಿಗೆ ಮೂರೋ ಐದೋ ತಿಂಗಳಾದಾಗ ಬಂದರೆ ಅರ್ಧ ವರ್ಷಕ್ಕೂ ಹೆಚ್ಚು ಗಂಡ ಹೊರಗಿನವರೇ. ಆಮೇಲೆ ‘ನಿಮಗೆ ಮಗು ಎತ್ತೋಕೂ ಬರಲ್ಲ’ ಅಂತ ಜಗಳ ಬೇರೆ. ಹಾಗಾಗಿ ಮೊದಲು ಆ ಮಾತುಕತೆ ಮುಗಿಸಿ. ಎಂಟು ತುಂಬುವ ಹೊತ್ತಿಗೆ, ನಿಮ್ಮ ಡಾಕ್ಟರನ್ನು ಕೇಳಿಕೊಂಡು ಹೊರಡಿ. ತಾಯಿ ಕಾರ್ಡ್, ಸ್ಕ್ಯಾನಿಂಗ್, ರಕ್ತಪರೀಕ್ಷೆಯ ರಿಪೋರ್ಟುಗಳ ಒಂದು ಸೆಟ್ ಜೆರಾಕ್ಸ್ ಗಂಡನ ಹತ್ತಿರವೂ ಇರಲಿ. ಹಾಸನದ ಡಾಕ್ಟರನ್ನು ಮೊದಲ ಸಲ ನೋಡುವಾಗ ಅವರೂ ಜೊತೆಗಿರಲಿ, ಹಳೆಯ ಗರ್ಭಪಾತದ ವಿಷಯ ಅವರ ಬಾಯಿಂದಲೇ ಬರಲಿ.

ರಜೆಯ ಲೆಕ್ಕವನ್ನೂ ಈಗಲೇ ಹಾಕಿ. ಕೇಂದ್ರ ಸರ್ಕಾರದ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ಖಾಸಗಿಯಲ್ಲಿ ಅದು ಕಂಪನಿಯ ಮರ್ಜಿ, ಎಚ್‌ಆರ್ ಹತ್ತಿರ ಕೇಳಿ ತಿಳಿದುಕೊಳ್ಳಲಿ. ಎಲ್ಲಾ ರಜೆಯನ್ನೂ ಹೆರಿಗೆಯ ದಿನ, ನಾಮಕರಣದ ದಿನ ಅಂತ ಖರ್ಚು ಮಾಡಬೇಡಿ. ನೆಂಟರೆಲ್ಲ ಬಂದು ಹೋದ ಮೇಲೆ, ಎರಡು-ಮೂರನೇ ವಾರದಲ್ಲಿ ಒಂದಿಷ್ಟು ದಿನ ಅವರು ಹಾಸನದಲ್ಲಿ ಇರುವಂತೆ ಉಳಿಸಿಕೊಳ್ಳಿ. ನಿಮ್ಮಮ್ಮನಿಗೂ ಮೊದಲೇ ಹೇಳಿಡಿ, ಆ ದಿನಗಳಲ್ಲಿ ರಾತ್ರಿ ಮಗು ಅತ್ತರೆ ಮೊದಲು ಏಳುವುದು ಅಳಿಯ ಅಂತ.